ದಸರೆಯಿಂದ ಕಾರ್ತಿಕದವರೆಗೆ: ಪುಟ್ಟ ಮಗುವಿನ ಜೊತೆ ಹಿತ್ತಲ ಪಾಠ

ಮೊಬೈಲಿನಲ್ಲಿ ‘ಆಟಮ್ ಕ್ರಾಫ್ಟ್ ಫಾರ್ ಕಿಡ್ಸ್’ ಎಂದು ಹುಡುಕಿ ನೋಡಿ. ಮೇಪಲ್ ಎಲೆ, ಓಕ್ ಕಾಯಿ, ಕಿತ್ತಳೆ ಬಣ್ಣದ ಕುಂಬಳಕಾಯಿ ಸಾಲುಸಾಲಾಗಿ ಬರುತ್ತವೆ. ನಮ್ಮೂರಿನ ಎಷ್ಟೋ ನರ್ಸರಿ ಶಾಲೆಗಳ ವರ್ಕ್‌ಶೀಟಿನಲ್ಲೂ ಈಗ ಅವೇ. ಮಗು ನಾಲಗೆ ಕಚ್ಚಿಕೊಂಡು ಎಲೆಗೆ ಕಿತ್ತಳೆ ಬಣ್ಣ ತುಂಬುತ್ತದೆ. ಕಿಟಕಿಯಾಚೆ ಹೊಂಗೆ ಮರ ಹಸಿರೋ ಹಸಿರು. ಸ್ವಲ್ಪ ಚುರುಕಾದ ಮಗುವಾದರೆ ಕೇಳಿಯೇ ಕೇಳುತ್ತದೆ: ‘ನಮ್ಮ ಮರ ಯಾಕೆ ಹಳದಿ ಆಗಿಲ್ಲ?’

ಉತ್ತರ ಕಷ್ಟದ್ದಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳ ಕೊನೆಗೆ ಹಗಲು ಸುಮಾರು 16 ಗಂಟೆ 30 ನಿಮಿಷ. ಡಿಸೆಂಬರ್‌ನಲ್ಲಿ 8 ಗಂಟೆಯೂ ಇಲ್ಲ. ಹಗಲು ಕುಗ್ಗಿ ಚಳಿ ಬೀಳುತ್ತಿದ್ದಂತೆ ಅಲ್ಲಿನ ಮರಗಳು ಕ್ಲೋರೋಫಿಲ್ಲನ್ನು, ಅಂದರೆ ಎಲೆಯ ಹಸಿರು ದ್ರವ್ಯವನ್ನು, ಒಡೆದುಹಾಕುತ್ತವೆ. ಅಡಿಯಲ್ಲಿ ಮೊದಲಿಂದಲೂ ಇದ್ದ ಹಳದಿ ಆಗ ಹೊರಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ನಮ್ಮ ಮರಗಳಿಗೆ ಚಳಿಗಿಂತ ನೀರಿನ ಚಿಂತೆ ದೊಡ್ಡದು. ಅದಕ್ಕೇ ತೇಗ, ಬೂರುಗದಂಥವು ಎಲೆ ಉದುರಿಸುವುದು ಮಳೆ ನಿಂತು ನೆಲ ಒಣಗಿದ ಮೇಲೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ.

ಹಾಗಾದರೆ ನಮ್ಮ ಶರತ್ಕಾಲದಲ್ಲಿ, ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ, ಮಗುವಿಗೆ ತೋರಿಸಲು ಏನಿದೆ? ಬೇಕಾದಷ್ಟಿದೆ. ಮುಂಗಾರು ಹಿಂದೆ ಸರಿದು ಹಿಂಗಾರು ಕಾಲಿಡುವ ಈ ಹೊತ್ತಿನಲ್ಲಿ ಕಳೆಗಿಡಗಳೆಲ್ಲ ಬೀಜ ಕಟ್ಟಿರುತ್ತವೆ. ಬೇಲಿ ತುಂಬ ಜೇಡರ ಬಲೆ. ಕರಿಬೇವಿನ ಗಿಡದಲ್ಲಿ ಹುಳ. ಮುಂಜಾನೆ ಪಾರಿಜಾತದ ಬುಡ ಬೆಳ್ಳಗೆ. ಬಯಲುಸೀಮೆಯಲ್ಲಿ ಹುಚ್ಚೆಳ್ಳು ಹೊಲಗಳು ಹಳದಿಗೆ ತಿರುಗುತ್ತವೆ. ಜೊತೆಗೆ ದಸರೆ, ಸೀಗೆ ಹುಣ್ಣಿಮೆ, ದೀಪಾವಳಿ ಬರುತ್ತವೆ. ಈ ಹಬ್ಬಗಳಲ್ಲಿ ಮಗುವಿನ ಕೈಗೆಟುಕುವ ಕೆಲಸಗಳು ಮೊದಲಿಂದಲೂ ಇವೆ. ಹೊಸದಾಗಿ ಕ್ರಾಫ್ಟ್ ಹುಡುಕಬೇಕಾಗಿಲ್ಲ.

ಇಲ್ಲಿ ಹೇಳುವುದೆಲ್ಲ ಮೂರರಿಂದ ಏಳು ವರ್ಷದ ಮಕ್ಕಳಿಗೆ. ದಿನಕ್ಕೆ 20 ನಿಮಿಷ ಸಾಕು. ನನ್ನ ಅಭಿಪ್ರಾಯದಲ್ಲಿ ಒಂದೇ ನಿಯಮ ಇಟ್ಟುಕೊಳ್ಳಬೇಕು: ಮೊದಲು ನೋಡುವುದು, ಆಮೇಲೆ ಮಾಡುವುದು. ಮಗು ನೋಡದ ವಸ್ತುವಿನ ಕ್ರಾಫ್ಟ್ ಬೇಡ.

‘ನಮ್ಮದು ಅಪಾರ್ಟ್‌ಮೆಂಟು, ಹಿತ್ತಲೆಲ್ಲಿ?’ ಎಂದು ಕೇಳುವವರಿದ್ದೀರಿ. ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ, ಮೆಟ್ಟಿಲ ಕೆಳಗಿನ ಕಾಂಪೌಂಡ್ ಗೋಡೆ, ರಸ್ತೆ ಬದಿಯ ಒಂದು ಮರ, ಇಷ್ಟಿದ್ದರೆ ನಡೆಯುತ್ತದೆ.

ಸಾಮಾನು ಏನು ಬೇಕು

ಒಂದು ಭೂತಗನ್ನಡಿ. ಸ್ಟೇಷನರಿ ಅಂಗಡಿಯಲ್ಲಿ ಹೆಚ್ಚುಕಡಿಮೆ 80ರಿಂದ 150 ರೂಪಾಯಿಗೆ ಸಿಗುತ್ತದೆ. ಗಾಜಿನದಾದರೆ ಒಳ್ಳೆಯದು, ಪ್ಲಾಸ್ಟಿಕ್ಕಿನದು ಬೇಗ ಗೀರು ಬೀಳುತ್ತದೆ. ಗೆರೆ ಇಲ್ಲದ ಒಂದು ದಪ್ಪ ನೋಟ್‌ಬುಕ್, ಮೇಣದ ಕ್ರೇಯಾನ್, ಮುಚ್ಚಳವಿರುವ ಹಳೆಯ ಸ್ಟೀಲ್ ಡಬ್ಬಿ, ರದ್ದಿ ಪೇಪರ್, ತೆಂಗಿನ ಗರಿಯ ಕಡ್ಡಿ. ಪಟಿಕವನ್ನು ಗ್ರಂಧಿಗೆ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಕೊಡುತ್ತಾರೆ. ಹೂವಿನ ಬಣ್ಣ ತೆಗೆಯಲು ಅದು ಬೇಕು. ಒಟ್ಟು ಖರ್ಚು 300 ರೂಪಾಯಿ ದಾಟಬಾರದು. ಗ್ಲಿಟರ್, ಥರ್ಮೊಕೋಲ್, ಬಣ್ಣದ ಪ್ಲಾಸ್ಟಿಕ್ ಎಲೆ ಇವನ್ನು ಮನೆಗೇ ತರಬೇಡಿ.

ಅಂಟನ್ನು ಮನೆಯಲ್ಲೇ ಮಾಡಿಕೊಳ್ಳಿ. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ತಿರುವಿ. ಮೊದಲೆಲ್ಲ ಹುಳ ಹಿಡಿಯದಿರಲಿ ಎಂದು ಈ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಗು ಕೈ ಹಾಕುವ ಅಂಟಿಗೆ ಅದು ಖಂಡಿತ ಬೇಡ. ಬೇಕಾದಾಗ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಚೆಲ್ಲಿ.

ಗೊಂಬೆ ಹಬ್ಬದ ಪಾರ್ಕು

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಪಕ್ಕ ‘ಪಾರ್ಕು’ ಮಾಡುವ ರೂಢಿ ಇದೆ. ತಟ್ಟೆಯಲ್ಲಿ ರಾಗಿಯನ್ನೋ ಸಾಸಿವೆಯನ್ನೋ ಬೆಳೆಸಿ, ನಡುವೆ ಮರದ ಆನೆ, ಮಣ್ಣಿನ ಹಸು, ಕನ್ನಡಿ ಚೂರಿನ ಕೆರೆ ಇಡುತ್ತಾರೆ. ಗೊಂಬೆ ಇಡುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೂ ಈ ಪಾರ್ಕನ್ನು ಮಾಡಬಹುದು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಸ್ಯಶಾಸ್ತ್ರ ಪಾಠ ನಾನು ಕಂಡಿಲ್ಲ. ಯಾಕೆಂದರೆ ಫಲ ಬೇಗ ಕಾಣುತ್ತದೆ. ನಾಲ್ಕು ವರ್ಷದ ಮಗುವಿಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇರುವುದಿಲ್ಲ.

ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮೊದಲು ಶುರುಮಾಡಿ. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹುರಿಹಿಟ್ಟಿಗೆ ಮೊಳಕೆ ಕಟ್ಟಿ ಗೊತ್ತಿರುವವರಿಗೆ ಇದು ಹೊಸದಲ್ಲ. ಮರುದಿನ ಗಂಟು ಬಿಚ್ಚುವ ಕೆಲಸ ಮಗುವಿಗೇ ಬಿಡಿ. ಕಂದು ಕಾಳಿನ ತುದಿಯಲ್ಲಿ ಬಿಳಿಯ ಎಳೆ ಇಣುಕಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಬೇರಿನ ಸುತ್ತ ತೆಳುವಾದ ನವಿರು ಕಾಣುತ್ತದೆ. ಅದನ್ನು ಕೆಲವರು ಬೂಸ್ಟು ಎಂದುಕೊಂಡು ಎಸೆದುಬಿಡುತ್ತಾರೆ. ಅದು ಬೂಸ್ಟಲ್ಲ, ಬೇರುರೋಮ. ಗಿಡ ನೀರು ಹೀರುವುದು ಅದರಿಂದಲೇ. ಬೂಸ್ಟಾದರೆ ಮುಗ್ಗಲು ವಾಸನೆ ಬರುತ್ತದೆ, ಕಾಳಿನ ಮೇಲೂ ಹಬ್ಬಿರುತ್ತದೆ.

ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹರಡಿ. ಮೊಳಕೆಗಳನ್ನು ಮೇಲೆ ಚೆಲ್ಲಿ. ಮುಚ್ಚುವುದು ಬೇಡ. ದಿನಕ್ಕೆರಡು ಸಲ ಕೈಯಲ್ಲಿ ನೀರು ಚಿಮುಕಿಸಿದರೆ ಸಾಕು, ಸುರಿದರೆ ಕೊಳೆಯುತ್ತದೆ. ವಾರದೊಳಗೆ ಹಸಿರು ಹಾಸು ಸಿದ್ಧ. ಪಕ್ಕದಲ್ಲೇ ಇನ್ನೊಂದು ಸಣ್ಣ ತಟ್ಟೆಯಲ್ಲಿ ಸಾಸಿವೆ ಹಾಕಿ. ಸಾಸಿವೆ ಎರಡು ಪುಟ್ಟ ಎಲೆಗಳೊಂದಿಗೆ ಮೇಲೆ ಬರುತ್ತದೆ, ರಾಗಿ ಹುಲ್ಲಿನಂಥ ಒಂದೇ ಎಳೆಯಾಗಿ. ದ್ವಿದಳ, ಏಕದಳ ಎಂಬ ಮಾತುಗಳನ್ನು ಈಗಲೇ ಕಲಿಸಬೇಕೆಂದಿಲ್ಲ. ‘ಯಾವುದಕ್ಕೆ ಎಷ್ಟು ಎಲೆ?’ ಎಂದು ಕೇಳಿ ಬಿಡಿ.

ಮೂರನೆಯ ತಟ್ಟೆಯೊಂದಿದ್ದರೆ ಇನ್ನೂ ಚೆನ್ನ. ಅದನ್ನು ಚಪ್ಪಲಿ ಡಬ್ಬದೊಳಗೆ ಮುಚ್ಚಿಡಿ. ನಾಲ್ಕೈದು ದಿನಕ್ಕೆ ತೆಗೆದರೆ ಒಳಗಿನ ಪೈರು ಹೊರಗಿನದಕ್ಕಿಂತ ಉದ್ದ, ಆದರೆ ಬಿಳಿಚಿಕೊಂಡು ಹಳದಿಯಾಗಿರುತ್ತದೆ. ಬೆಳಕಿಲ್ಲದೆ ಕ್ಲೋರೋಫಿಲ್ ಆಗುವುದಿಲ್ಲ. ಬೆಳಕನ್ನು ಹುಡುಕುತ್ತಾ ದಂಟು ಮಾತ್ರ ಉದ್ದವಾಗುತ್ತಾ ಹೋಗುತ್ತದೆ. ಈಗ ಕಿಟಕಿ ಬಳಿ ಇಡಿ. ಒಂದೆರಡು ದಿನದಲ್ಲಿ ಹಸಿರೇರುತ್ತದೆ, ಜೊತೆಗೆ ಇಡೀ ಪೈರು ಕಿಟಕಿಯತ್ತ ವಾಲುತ್ತದೆ. ತಟ್ಟೆ ತಿರುಗಿಸಿಡಿ, ಮತ್ತೆ ಈ ಕಡೆ ವಾಲುತ್ತದೆ. ‘ಗಿಡಕ್ಕೆ ಕಣ್ಣಿದೆಯಾ?’ ಎಂದು ಮಗು ಕೇಳಿದರೆ ನಗಬೇಡಿ. ಕಣ್ಣಿಲ್ಲ, ಆದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ದಂಟಿನ ತುದಿಗೆ ತಿಳಿಯುತ್ತದೆ, ನೆರಳಿನ ಕಡೆಯ ಭಾಗ ಹೆಚ್ಚು ಬೆಳೆದು ದಂಟು ಬಾಗುತ್ತದೆ ಎಂದು ಹೇಳಿ.

ಪಾರ್ಕಿಗೆ ಬೇಕಾದ ಪ್ರಾಣಿಗಳನ್ನು ಜೇಡಿಮಣ್ಣಿನಲ್ಲಿ ಮಗುವೇ ಮಾಡಲಿ. ಗಣೇಶನ ಹಬ್ಬದ ಮಣ್ಣು ಉಳಿದಿದ್ದರೆ ಅದೇ ಆಯಿತು. ಇಲ್ಲದಿದ್ದರೆ ಕುಂಬಾರರ ಬಳಿ ಕೇಳಿ. ಬೆಂಗಳೂರಿನವರಿಗೆ ಪಾಟರಿ ಟೌನ್ ಇದೆ. ಆನೆಗೆ ಐದು ಕಾಲಿದ್ದರೂ ತಿದ್ದಲು ಹೋಗಬೇಡಿ.

ಕರಿಬೇವಿನ ಹುಳ

ಕರಿಬೇವು ಅಥವಾ ನಿಂಬೆ ಗಿಡದ ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದೊಂದು ಅಂಟಿಕೊಂಡಿದ್ದರೆ ಒರೆಸಿಬಿಡಬೇಡಿ. ಸ್ವಲ್ಪ ಹೊತ್ತು ಕಾಯಿರಿ. ಅದು ನಡೆದರೆ ಅದು ಚಿಟ್ಟೆಯ ಮರಿಹುಳ. ಲೈಮ್ ಬಟರ್‌ಫ್ಲೈ ಎಂಬ ನಿಂಬೆ ಚಿಟ್ಟೆಯದಿರಬಹುದು, ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯದಿರಬಹುದು. ಹಿಕ್ಕೆಯ ವೇಷ ಹಾಕಿದರೆ ಹಕ್ಕಿಗಳು ತಿನ್ನುವುದಿಲ್ಲವಲ್ಲ! ದೊಡ್ಡದಾಗುತ್ತಾ ಕೊನೆಯ ಪೊರೆ ಕಳಚಿದ ಮೇಲೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಒಂದು ಸಲ ತೋರಿಸಿ ಬಿಟ್ಟುಬಿಡಿ. ಪದೇಪದೇ ಕೆಣಕುವುದು ಆ ಹುಳಕ್ಕೆ ಶ್ರಮ.

ಇದನ್ನು ಮನೆಯೊಳಗೆ ಸಾಕಬಹುದು. ಅಗಲ ಬಾಯಿಯ ಗಾಜಿನ ಭರಣಿ ತೆಗೆದುಕೊಂಡು ಬಾಯಿಗೆ ತೆಳು ಬಟ್ಟೆ ಕಟ್ಟಿ. ತಳಕ್ಕೆ ರದ್ದಿ ಪೇಪರ್ ಹಾಸಿ. ಹುಳವನ್ನು ಕೈಯಲ್ಲಿ ಎತ್ತದೆ ಅದಿರುವ ಎಲೆಯ ಸಮೇತ ಇಡಿ. ದಿನಾ ಬೆಳಿಗ್ಗೆ ಮಗುವಿಗೆ ಎರಡು ಕೆಲಸ: ಹಿಕ್ಕೆ ತುಂಬಿದ ಪೇಪರ್ ಬದಲಿಸುವುದು, ಹೊಸ ಎಲೆ ಹಾಕುವುದು. ಹುಳಕ್ಕೆ ಬೇರೆ ನೀರು ಬೇಕಾಗಿಲ್ಲ, ಎಲೆಯ ತೇವವೇ ಸಾಕು. ಅಂಗಡಿಯ ಕರಿಬೇವು ಹಾಕಬೇಡಿ. ಅದಕ್ಕೆ ಔಷಧ ಹೊಡೆದಿದ್ದರೆ ಹುಳ ಸಾಯುತ್ತದೆ. ಗಿಡ ನಿಮ್ಮ ಮನೆಯದೋ ಪಕ್ಕದ ಮನೆಯದೋ ಆಗಿರಲಿ.

ಸುಮಾರು ಎರಡು ಮೂರು ವಾರ ಅದರ ಕೆಲಸ ತಿನ್ನುವುದೊಂದೇ. ಒಂದು ದಿನ ತಿನ್ನುವುದನ್ನು ಬಿಟ್ಟು ಭರಣಿಯೊಳಗೆ ಅತ್ತಿತ್ತ ಓಡಾಡುತ್ತದೆ. ಕಾಯಿಲೆಯೇನೋ ಎಂದು ಗಾಬರಿಯಾಗಬೇಡಿ, ಕೋಶ ಕಟ್ಟಲು ಜಾಗ ಹುಡುಕುತ್ತಿದೆ. ಒಂದು ಒರಟು ಕಡ್ಡಿಯನ್ನು ಓರೆಯಾಗಿ ಇಟ್ಟುಕೊಡಿ. ಬಾಲದ ತುದಿಯನ್ನು ಅಂಟಿಸಿ, ನಡುವಿಗೆ ರೇಷ್ಮೆ ಎಳೆಯ ಉಡಿದಾರ ಹಾಕಿಕೊಂಡು, ಮೈಯನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ಕೋಶ ಹಸಿರೂ ಆಗಬಹುದು, ಕಂದೂ ಆಗಬಹುದು. ಚಿಟ್ಟೆ ಹೊರಬರುವ ಹಿಂದಿನ ದಿನ ಕೋಶ ಕಪ್ಪಾಗಿ ರೆಕ್ಕೆಯ ಚಿತ್ತಾರ ಒಳಗಿನಿಂದ ಕಾಣತೊಡಗುತ್ತದೆ. ಬಂದ ಮೇಲೆ ಮುದುಡಿದ ರೆಕ್ಕೆ ಬಿಚ್ಚಿ ಒಣಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆಗ ಮುಟ್ಟಿದರೆ ರೆಕ್ಕೆ ಸೊಟ್ಟಾಗಿ ಉಳಿದುಬಿಡುತ್ತದೆ. ಒಣಗಿದ ಮೇಲೆ ಬಾಲ್ಕನಿಯಲ್ಲಿ ಬಿಟ್ಟುಬಿಡಿ.

ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬರುತ್ತವೆ. ಮೊದಲೇ ತಾಯಿ ಕಣಜ ಒಳಗೆ ಮೊಟ್ಟೆ ಇಟ್ಟಿರುತ್ತದೆ, ಅದರ ಮರಿಗಳು ಹುಳವನ್ನು ತಿಂದು ಬೆಳೆದಿರುತ್ತವೆ. ಮಗು ಅತ್ತೀತು. ಆದರೂ ಸುಳ್ಳು ಹೇಳಿ ಮುಚ್ಚಬೇಡಿ. ಕಣಜಕ್ಕೂ ಮರಿಗಳಿವೆ ಎಂದರೆ ಐದು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೈತುಂಬ ರೋಮವಿರುವ ಕಂಬಳಿಹುಳ ಮುಟ್ಟುವ ಹುಳವಲ್ಲ. ಮೈಯೆಲ್ಲ ತುರಿಕೆ, ದದ್ದು. ಮುಟ್ಟಿದ್ದರೆ ಉಜ್ಜದೆ, ಸೆಲ್ಲೋಟೇಪ್ ಅಂಟಿಸಿ ಎಳೆದು ರೋಮ ತೆಗೆದು ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ತಾಗಿದ್ದರೆ ಡಾಕ್ಟರ ಬಳಿ ಹೋಗಿ.

ಬೀಜಗಳ ಊರೂರು ಪಯಣ

ಮಳೆ ಬಿಟ್ಟ ಒಂದು ಸಂಜೆ ಮಗುವಿನ ಶೂ ಮೇಲೆ ನಿಮ್ಮದೊಂದು ಹಳೆಯ ಕಾಲುಚೀಲ ಎಳೆದುಬಿಡಿ. ಪಾರ್ಕಿನ ಅಂಚಿನಲ್ಲೋ ಖಾಲಿ ಸೈಟಿನ ಬದಿಯಲ್ಲೋ ಗಿಡ್ಡ ಹುಲ್ಲಿರುವ ಕಡೆ ಒಂದು ಸುತ್ತು ನಡೆಸಿ. ಎತ್ತರದ ಪೊದೆಗೆ ನುಗ್ಗಬೇಡಿ, ಈ ಕಾಲದಲ್ಲಿ ಹಾವು ಇರುತ್ತವೆ. ಮನೆಗೆ ಬಂದು ನೋಡಿದರೆ ಕಾಲುಚೀಲದ ತುಂಬ ಉತ್ತರಾಣಿ, ಹುಲ್ಲಿನ ಮುಳ್ಳು. ಭೂತಗನ್ನಡಿಯಲ್ಲಿ ಉತ್ತರಾಣಿ ಬೀಜದ ಚೂಪಾದ ಮೊನೆಗಳು ಕಾಣುತ್ತವೆ. ನಾಯಿ, ಹಸು, ನಿಮ್ಮ ಪ್ಯಾಂಟು ಎಲ್ಲವೂ ಅದಕ್ಕೆ ಬಸ್ಸು. ಕಾಲುಚೀಲವನ್ನು ಹಾಗೆಯೇ ಮಣ್ಣಿನ ತಟ್ಟೆಯಲ್ಲಿಟ್ಟು ನೀರು ಹಾಕಿ. ಏನು ಮೊಳೆಯುತ್ತದೋ ನೋಡಿ.

ಬಟ್ಟೆ ಹಿಡಿಯುವ ಬೀಜ ಆಯಿತು, ಹಾರುವ ಬೀಜಕ್ಕೆ ಗೋಡೆ ಬುಡದಲ್ಲಿ ನೋಡಿ. ನಡುವೆ ಹಳದಿ, ಸುತ್ತ ತೆಳುಬಿಳಿ ಎಸಳಿನ ಕಳೆಗಿಡದ ಒಣಹೂವು ಊದಿದರೆ ಸಾಕು. ಇನ್ನು ಸಿಡಿಯುವ ಬೀಜ. ಕರ್ಣಕುಂಡಲದ (ಕೆಲವೆಡೆ ಗೌರಿ ಹೂವು ಎನ್ನುತ್ತಾರೆ) ಬಲಿತ ಕಾಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜ ಎಗರುತ್ತದೆ. ಕಹಳೆಯಂಥ ನೇರಳೆ ಹೂ ಬಿಡುವ ಇನ್ನೊಂದು ಕಳೆಗಿಡವಿದೆ. ಅದರ ಒಣಗಿದ ಕಂದು ಕಾಯನ್ನು ನೀರಿಗೆ ಹಾಕಿ ಕ್ಷಣ ಕಾದರೆ ಪಟ್ ಎಂದು ಸಿಡಿಯುತ್ತದೆ. ನಾವೆಲ್ಲ ಕ್ಲಾಸಿನಲ್ಲಿ ಉಗುಳು ಹಚ್ಚಿ ಮುಂದಿನವರ ಕಾಲರಿಗೆ ಹಾಕುತ್ತಿದ್ದೆವಲ್ಲ, ಅದೇ. ಕಾಯಿ ಒಣಗುವಾಗ ಎರಡು ಹೋಳುಗಳೂ ಬಿಗಿದುಕೊಂಡಿರುತ್ತವೆ. ತುದಿಯ ಬೆಸುಗೆಯನ್ನು ನೀರು ಮೆತ್ತಗಾಗಿಸಿದೊಡನೆ ಬಿಗಿ ಬಿಚ್ಚಿ ಹೋಳುಗಳು ಹಾರುತ್ತವೆ. ಇದರಿಂದ ಗಿಡಕ್ಕೇನು ಲಾಭ? ಮಳೆ ಬಂದಾಗಲೇ ಬೀಜ ಬಿದ್ದರೆ ಮೊಳೆಯಲು ತೇವ ಸಿಗುತ್ತದೆ. ನೀರಿಗೆ ಬಿದ್ದ ಬೀಜದ ಸುತ್ತ ಲೋಳೆ ಕಟ್ಟುವುದನ್ನೂ ಬಟ್ಟಲಿನಲ್ಲಿ ತೋರಿಸಿ. ಕಾಮಕಸ್ತೂರಿ ಬೀಜ ನೆನೆಸಿದಾಗಲೂ ಹಾಗೇ ಆಗುತ್ತದೆ. ಈ ಕಾಯಿ ಸಿಡಿಸುವಾಗ ಮುಖ ದೂರವಿರಲಿ.

ಮಣೆಯ ಮೇಲೆ ಜೇಡಿಮಣ್ಣಿನ ಬಿಲ್ಲೆ ತಟ್ಟಿ, ಅದರಲ್ಲಿ ಸಿಕ್ಕ ಬೀಜಗಳನ್ನು ರಂಗೋಲಿಯ ಹಾಗೆ ಒತ್ತುವುದು ಈ ವಯಸ್ಸಿಗೆ ಒಳ್ಳೆಯ ಕರಕುಶಲ. ಒಣಗಿದ ಮೇಲೆ ಗೋಡೆಗೆ ಒರಗಿಸಿಡಬಹುದು.

ಇಲ್ಲಿ ಎಚ್ಚರ ಬೇಕು. ಗುಲಗಂಜಿ ನೋಡಲು ಮುದ್ದು, ಆದರೆ ಅಗಿದರೆ ಜೀವಕ್ಕೆ ಅಪಾಯ. ಹರಳು ಬೀಜ, ಉಮ್ಮತ್ತಿ, ಕಣಗಿಲೆ ಇವೂ ವಿಷ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಪಾರ್ಥೇನಿಯಂನಿಂದ ಕೆಲವರಿಗೆ ಚರ್ಮ ತುರಿಸುತ್ತದೆ, ಸೀನು ಹಿಡಿಯುತ್ತದೆ. ಮಗು ಯಾವುದಾದರೂ ವಿಷದ ಬೀಜ ಅಗಿದಿರಬಹುದೆಂಬ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಅದೇ ಬೀಜದ ಇನ್ನೊಂದನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಿ. ಮೂಗಿಗೋ ಕಿವಿಗೋ ಬೀಜ ಹಾಕಿಕೊಂಡರೆ ಪಿನ್ನಿನಿಂದ ತೆಗೆಯಲು ಹೋಗಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಇ.ಎನ್.ಟಿ. ಡಾಕ್ಟರು, ಅಂದರೆ ಕಿವಿ ಮೂಗು ಗಂಟಲಿನ ವೈದ್ಯರು, ನಿಮಿಷದಲ್ಲಿ ತೆಗೆಯುತ್ತಾರೆ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಬೀಜದ ಡಬ್ಬಿ ಅಟ್ಟದ ಮೇಲಿರಲಿ.

ಬೇಲಿಯ ಬಲೆಗಳು

ಬೆಳಿಗ್ಗೆ ಏಳು ಗಂಟೆಯೊಳಗೆ ಹೊರಗೆ ಹೋದರೆ ಮಂಜಿನ ಹನಿ ಕಟ್ಟಿದ ಬಲೆಗಳು ಎದ್ದು ಕಾಣುತ್ತವೆ. ಬಲೆಯ ನಡುವೆ ಬಿಳಿ ದಾರದಲ್ಲಿ ಗುಣಾಕಾರದ ಗುರುತು ಹೊಲಿದಂತಿದ್ದು, ಜೇಡ ತಲೆಕೆಳಗಾಗಿ ಎಂಟು ಕಾಲನ್ನೂ ಜೋಡಿ ಜೋಡಿಯಾಗಿ ಅದೇ ಗುರುತಿನ ಮೇಲಿಟ್ಟು ಕೂತಿದ್ದರೆ ಅದು ಸಿಗ್ನೇಚರ್ ಸ್ಪೈಡರ್, ಸಹಿ ಹಾಕುವ ಜೇಡ. ಆ ಸಹಿ ಯಾಕೆ ಎಂಬುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ಕೀಟಗಳನ್ನು ಸೆಳೆಯಲು ಎನ್ನುವವರಿದ್ದಾರೆ, ಹಕ್ಕಿ ಬಲೆಗೆ ನುಗ್ಗದಿರಲಿ ಎಂಬ ಸೂಚನೆ ಎನ್ನುವವರೂ ಇದ್ದಾರೆ. ‘ನಿನಗೇನನ್ನಿಸುತ್ತೆ?’ ಎಂದು ಮಗುವನ್ನು ಕೇಳಿ. ದೊಡ್ಡದಾಗಿ ಕಾಣುವುದು ಹೆಣ್ಣು. ಅಂಚಿನಲ್ಲಿ ಪುಟ್ಟದಾಗಿ ಕೂತಿರುವುದು ಗಂಡು ಇರಬಹುದು. ಮುಟ್ಟಬೇಡಿ, ಬಲೆ ಹರಿಯಬೇಡಿ. ಮೂರು ತೆಂಗಿನ ಕಡ್ಡಿ ಅಡ್ಡಡ್ಡ ಕಟ್ಟಿ ದಾರ ಸುತ್ತಿ ಬಲೆ ಮಾಡಿಸಬಹುದು. ಐದು ವರ್ಷಕ್ಕಿಂತ ಚಿಕ್ಕವರಿಗೆ ಗಂಟು ನೀವೇ ಹಾಕಬೇಕಾಗುತ್ತದೆ.

ಹೂವಿನಿಂದ ಬಣ್ಣ

ಪಾರಿಜಾತ ಸಂಜೆ ಅರಳಿ ಬೆಳಗಿನ ಜಾವ ಉದುರುತ್ತದೆ. ಬಿದ್ದ ಹೂವನ್ನು ಮಗು ಆಯ್ದು ತರಲಿ. ಕಿತ್ತಳೆ ಬಣ್ಣದ ತೊಟ್ಟನ್ನು ಬಿಳಿ ಎಸಳಿನಿಂದ ಬಿಡಿಸುವುದು ಪುಟ್ಟ ಬೆರಳುಗಳಿಗೆ ಒಳ್ಳೆಯ ಕೆಲಸ. ಒಂದು ಬಟ್ಟಲು ತೊಟ್ಟಿಗೆ ನೀವು ಬಿಸಿನೀರು ಸುರಿದು ಮುಚ್ಚಿಡಿ. ಅರ್ಧ ಗಂಟೆಯಲ್ಲಿ ಹೊಂಬಣ್ಣದ ನೀರು ಸಿದ್ಧ. ಕೇಸರಿಗೆ ಬಣ್ಣ ಕೊಡುವ ಕ್ರೋಸೆಟಿನ್ ಎಂಬ ದ್ರವ್ಯವೇ ಈ ತೊಟ್ಟಿನಲ್ಲೂ ಇದೆ. ಹಿಂದೆ ರೇಷ್ಮೆಗೆ ಇದರಿಂದ ಬಣ್ಣ ಹಾಕುತ್ತಿದ್ದರು. ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ಕಾಗದದ ಮೇಲೆ ಕುಂಚದಿಂದ ಬರೆಯಲು ಇಟ್ಟುಕೊಳ್ಳಿ.

ಬಟ್ಟೆಗಾದರೆ ಚೆಂಡುಹೂವು. ಆಯುಧಪೂಜೆಯ ಮರುದಿನ ಬೀದಿ ಬೀದಿಯಲ್ಲಿ ಹೂವಿನ ರಾಶಿ ಕಸಕ್ಕೆ ಹೋಗುತ್ತದೆ. ನಿಮ್ಮ ಮನೆಯ ಗಾಡಿಗೆ ಹಾಕಿದ ಹಾರವನ್ನು ಎತ್ತಿಡಿ. ಮೊದಲು ಒಂದು ಹೂವನ್ನು ಬಿಡಿಸಿ ತೋರಿಸಿ. ನಾವು ಒಂದು ಹೂ ಎನ್ನುವುದು ನಿಜಕ್ಕೂ ನೂರಾರು ಪುಟ್ಟ ಹೂಗಳ ಗೊಂಚಲು. ಎಳೆದ ಪ್ರತಿ ಎಸಳಿನ ಬುಡದಲ್ಲಿ ಬೀಜವಾಗಬೇಕಾದ ಕಡ್ಡಿ ಇರುತ್ತದೆ. ಒಣಗಿ ಕಪ್ಪಾದ ಕಡ್ಡಿಗಳನ್ನು ಕುಂಡಕ್ಕೆ ಚೆಲ್ಲಿ. ಎಲ್ಲವೂ ಮೊಳೆಯುವುದಿಲ್ಲ, ಕೆಲವು ಬಂದರೆ ಸಾಕು.

ಬಣ್ಣಕ್ಕೆ ಹೀಗೆ ಮಾಡಿ. ಬಿಳಿ ಹತ್ತಿ ಕರವಸ್ತ್ರವನ್ನು ಒಂದು ಚಮಚ ಪಟಿಕದ ಪುಡಿ ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬಣ್ಣ ಬಟ್ಟೆಗೆ ಹಿಡಿದುಕೊಳ್ಳುವುದು ಪಟಿಕದಿಂದಲೇ. ಎರಡು ಮೂರು ಹಿಡಿ ಎಸಳನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ. ಆ ನೀರಿನಲ್ಲಿ ಕರವಸ್ತ್ರ ಹಾಕಿ ಸಣ್ಣ ಉರಿಯಲ್ಲಿ ಇನ್ನರ್ಧ ಗಂಟೆ ಇಟ್ಟು ಆರಲು ಬಿಡಿ. ಒಲೆಯ ಕೆಲಸವೆಲ್ಲ ನಿಮ್ಮದು. ಕರವಸ್ತ್ರಕ್ಕೆ ಮೊದಲೇ ಗೋಲಿ ಇಟ್ಟು ದಾರ ಬಿಗಿದು ಕಟ್ಟುವ ಕೆಲಸ ಮಗುವಿನದು. ಬಿಚ್ಚಿದಾಗ ಕಟ್ಟಿದ ಕಡೆಯೆಲ್ಲ ಬಿಳಿ ಬಳೆಗಳು ಮೂಡಿರುತ್ತವೆ. ತುಕ್ಕು ಹಿಡಿದ ಮೊಳೆಗಳನ್ನು ಕೆಲವು ದಿನ ನೀರಿನಲ್ಲಿಟ್ಟು, ಆ ನೀರನ್ನು ಸ್ವಲ್ಪ ಬೆರೆಸಿದರೆ ಹಳದಿ ಹೋಗಿ ಮಂಕು ಹಸಿರಾಗುತ್ತದೆ. ಇದಕ್ಕೆ ಹಳೆಯ ಪಾತ್ರೆಯನ್ನೇ ಬಳಸಿ, ಮತ್ತೆ ಅಡುಗೆಗೆ ಬೇಡ. ನೆರಳಿನಲ್ಲಿ ಒಣಗಿಸಿ, ಬೇರೆ ಬಟ್ಟೆಗಳ ಜೊತೆ ತೊಳೆಯಬೇಡಿ.

ಎಲೆಯ ಎಲುಬು, ಗೂಡುದೀಪ

ಹಳದಿ ಎಲೆಗಳೇ ಇಲ್ಲವೆಂದಲ್ಲ. ಹಲಸಿನ ಹಣ್ಣೆಲೆ ಸದಾ ಒಂದೆರಡು ಬಿದ್ದಿರುತ್ತದೆ. ಬಾದಾಮಿ ಮರದ್ದು ಕೆಂಪಾಗಿ ಉದುರುತ್ತದೆ. ಆಯ್ದು ತಂದು ಒರೆಸಿ ರದ್ದಿ ಪೇಪರಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಹಿಂಗಾರಿನ ತೇವಕ್ಕೆ ಎಲೆ ಬೂಸ್ಟು ಹಿಡಿಯುವುದೇ ಹೆಚ್ಚು. ಮೊದಲ ವಾರ ಎರಡು ದಿನಕ್ಕೊಮ್ಮೆ ಪೇಪರ್ ಬದಲಿಸಿ. ಹತ್ತು ದಿನಕ್ಕೆ ಒಣಗುತ್ತದೆ.

ಅರಳಿ ಎಲೆಯ ಜಾಲರಿಗೆ ಸಮಯ ಬೇಕು. ಬಲಿತ ಹಸಿರೆಲೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲಿಡಿ. ಎರಡರಿಂದ ನಾಲ್ಕು ವಾರದಲ್ಲಿ ಬ್ಯಾಕ್ಟೀರಿಯಾಗಳು ಮೆತ್ತನೆಯ ಭಾಗವನ್ನು ಕೊಳೆಸುತ್ತವೆ, ಗಟ್ಟಿ ನಾಳಗಳು ಉಳಿಯುತ್ತವೆ. ವಾಸನೆ ಬರುತ್ತದೆ, ಬಚ್ಚಲ ಹೊರಗೇ ಇಡಿ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮುಚ್ಚಳ ಹಾಕಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಡೆಂಗ್ಯೂ ಕಾಲದಲ್ಲಿ ಇದನ್ನು ಮರೆಯುವಂತಿಲ್ಲ. ಎಲೆ ಕೈಗೆ ಜಾರುವಂತಾದಾಗ ತಟ್ಟೆಯ ಮೇಲಿಟ್ಟು, ನಲ್ಲಿಯ ಸಣ್ಣ ಧಾರೆಯಲ್ಲಿ, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟುತ್ತಾ ಹೋಗಿ. ಉಜ್ಜಿದರೆ ಹರಿಯುತ್ತದೆ. ನಡುವಿನ ದಿಂಡು, ಅದರಿಂದ ಕವಲು, ಕವಲಿನಿಂದ ಕೂದಲೆಳೆಯ ಜಾಲ ಎಲ್ಲವೂ ಹೊರಬರುತ್ತದೆ. ನೀರು ಎಲೆಯ ಮೂಲೆಮೂಲೆಗೂ ಹೋಗುವ ದಾರಿ ಇದೇ. ಕಾಯುವಷ್ಟು ತಾಳ್ಮೆ ಇಲ್ಲವೆಂದರೆ ಎಲೆಯ ಬೆನ್ನು ಮೇಲಾಗಿಟ್ಟು, ಕಾಗದ ಹಾಸಿ, ಕ್ರೇಯಾನನ್ನು ಮಲಗಿಸಿ ಉಜ್ಜಿಸಿ. ಐದು ನಿಮಿಷದ ಕೆಲಸ.

ಈ ಎಲೆಗಳೆಲ್ಲ ದೀಪಾವಳಿಯ ಆಕಾಶಬುಟ್ಟಿಗೆ ಬರುತ್ತವೆ. ಕರಾವಳಿಯವರಿಗೆ ಗೂಡುದೀಪ ಎಂದರೇ ಸರಿ. ಬಿದಿರ ಕಡ್ಡಿಯ ಚೌಕಟ್ಟನ್ನು ನೀವು ಕಟ್ಟಿ. ಬಟರ್ ಪೇಪರಿನ ಎರಡು ಹಾಳೆಯ ನಡುವೆ ಒಣಗಿದ ಎಲೆ, ಅರಳಿ ಜಾಲರಿ, ಚೆಂಡುಹೂವಿನ ಎಸಳು 'ಎಲ್ಲಿ ಬೇಕೋ ಅಲ್ಲಿ' ಮಗು ಅಂಟಿಸಲಿ. ಒಳಗೆ ಸಣ್ಣ ಎಲ್‌ಇಡಿ ಬಲ್ಬು ಹಾಕಿ. ಒಣಗಿದ ಎಲೆ, ಕಾಗದದ ನಡುವೆ ಮೇಣದಬತ್ತಿ ಇಡಬಾರದು.

ದೀಪಾವಳಿಗೆ ಮೊದಲೇ ಬರುವ ಸೀಗೆ ಹುಣ್ಣಿಮೆ ಮಲೆನಾಡಿನ ಸಾಗರ, ಸೊರಬದ ಕಡೆಯವರಿಗೆ ಭೂಮಿ ಹುಣ್ಣಿಮೆ. ಅಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಗೆರೆಗಳಲ್ಲಿ ಚಿತ್ತಾರ ಬರೆದು, ಅದೇ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಎಡೆ ಒಯ್ಯುತ್ತಾರೆ. ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಆ ಚಿತ್ತಾರ ವರ್ಷಗಟ್ಟಲೆ ಕಲಿತ ಕೈಯ ಕೆಲಸ. ಮಗುವಿಗೆ ಒಂದು ಹಳೆಯ ಬುಟ್ಟಿ, ಜಾಜಿನ ನೀರು, ಅರೆದ ಅಕ್ಕಿ ಕೊಟ್ಟು, ಬೆರಳಲ್ಲೇ ಗೆರೆ ಎಳೆಯಲು ಬಿಡಿ. ಅಜ್ಜಿ ಮನೆ ಆ ಕಡೆ ಇದ್ದರೆ ಆ ಹುಣ್ಣಿಮೆಗೆ ಅಲ್ಲಿಗೇ ಹೋಗಿ.

ಬರೆದಿಡುವುದು, ಕೇಳುವುದು, ಹೋಗುವುದು

ಅಕ್ಷರ ಬಾರದ ಮಗು ನೋಟ್‌ಬುಕ್ ಹೇಗೆ ಬರೆಯುತ್ತದೆ? ಚಿತ್ರ ಮಗುವಿನದು, ತಾರೀಕು ನಿಮ್ಮದು. ಕೆಳಗೆ ಮಗು ಹೇಳಿದ ಒಂದು ಮಾತನ್ನು ಇದ್ದ ಹಾಗೆಯೇ ಬರೆಯಿರಿ. ‘ಹುಳ ಇವತ್ತು ಊಟ ಬಿಟ್ಟಿದೆ’ ಎಂದರೆ ಅಷ್ಟೇ.

‘ನಮಗೇ ಗಿಡಗಳ ಹೆಸರು ಗೊತ್ತಿಲ್ಲವಲ್ಲ’ ಎಂಬ ಅಳುಕು ಹಲವರಿಗಿದೆ. ಹೂ ಮಾರುವವರನ್ನು, ಪಾರ್ಕಿನ ಮಾಲಿಯನ್ನು, ಮನೆಯ ಅಜ್ಜಿಯನ್ನು ಕೇಳಿ. ಹಕ್ಕಿಗಳಿಗಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಇದೆ. ಕುಂಡೆ ಕುಣಿಸುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ನಮ್ಮಲ್ಲಿಗೆ ಬಂದಿಳಿಯುವುದೂ ಈ ಕಾಲದಲ್ಲೇ. ಮರ್ಲಿನ್ ಎಂಬ ಉಚಿತ ಆ್ಯಪ್ ಹಕ್ಕಿಯ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಆದರೆ ಮೊಬೈಲು ಕೊನೆಗೆ ಹೊರಬರಲಿ, ಮೊದಲೇ ಬಂದರೆ ಮಗು ಹಕ್ಕಿ ಬಿಟ್ಟು ಅದನ್ನೇ ನೋಡುತ್ತದೆ.

ಒಂದು ಮರವನ್ನು ವಾರವಾರ ಗಮನಿಸುವ ಆಸೆಯಿದ್ದರೆ ಸೀಸನ್‌ವಾಚ್ ಯೋಜನೆಗೆ ಸೇರಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದರ ಹಿಂದಿದೆ, ಶುಲ್ಕವಿಲ್ಲ. ನಿಮ್ಮ ಬೀದಿಯ ಹೊಂಗೆಯನ್ನೋ ಹುಣಸೆಯನ್ನೋ ಆರಿಸಿ, ಎಲೆ, ಹೂ, ಕಾಯಿ ಎಷ್ಟಿದೆ ಎಂದು ದಾಖಲಿಸುತ್ತಾ ಹೋಗಬೇಕು. ರಜೆಯಲ್ಲಿ ಹೊರಗೆ ಹೋಗುವುದಾದರೆ ಬೆಂಗಳೂರಿನಲ್ಲಿ ಲಾಲ್‌ಬಾಗ್ ಮತ್ತು ಬನ್ನೇರುಘಟ್ಟದ ಚಿಟ್ಟೆ ಉದ್ಯಾನ, ಮೈಸೂರಿನಲ್ಲಿ ಕಾರಂಜಿ ಕೆರೆ, ಮಂಗಳೂರಿನ ಹತ್ತಿರ ಪಿಲಿಕುಳ ಇವೆ. ಅಲ್ಲೆಲ್ಲ ಗಿಡದಿಂದ ಏನನ್ನೂ ಕೀಳಬಾರದು.

ಕಾರ್ತಿಕ ಮುಗಿಯುವಾಗ ಮನೆಯಲ್ಲಿ ಒಂದಿಷ್ಟು ರಾಶಿ ಉಳಿದಿರುತ್ತದೆ. ರಾಗಿಯ ಪಾರ್ಕು ಹಸುವಿಗೆ, ಕೊಳೆತ ಎಲೆ ಗೊಬ್ಬರದ ಕುಂಡಕ್ಕೆ. ಚೆಂಡುಹೂವು, ಕರ್ಣಕುಂಡಲದ ಬೀಜಗಳನ್ನು ಮುಂಗಾರಿಗೆ ಎತ್ತಿಡಬಹುದು. ಎರಡು ದಿನ ನೆರಳಲ್ಲಿ ಒಣಗಿಸಿ, ಹೆಸರು ತಾರೀಕು ಬರೆದ ಕಾಗದದ ಪೊಟ್ಟಣದಲ್ಲಿ ಹಾಕಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಕಟ್ಟಿ ಬೂಸ್ಟು ಹಿಡಿಯುತ್ತದೆ.